ಕಲ್ಲನ್ನು ರೊಟ್ಟಿ ಮಾಡದವನು

ನಲವತ್ತು ದಿನ ಏನೂ ತಿನ್ನದೆ ಬೆಂಗಾಡಿನಲ್ಲಿ ಕೂತ ಒಬ್ಬನಿಗೆ ಹಸಿವಾಗುತ್ತದೆ. ಎದುರಿಗೆ ಕಲ್ಲುಗಳಿವೆ. ಅವನ್ನು ರೊಟ್ಟಿಯಾಗಿಸುವ ಶಕ್ತಿ ಆತನಿಗಿದೆ. ಮಾಡಿಕೊಂಡು ತಿಂದರೆ ಯಾರಪ್ಪನ ಗಂಟು ಹೋಗುತ್ತದೆ? ಕದ್ದ ಗೋಧಿಯಲ್ಲ, ಇನ್ನೊಬ್ಬರ ತುತ್ತಲ್ಲ, ಉಪವಾಸದ ದಿನಗಳೂ ಮುಗಿದಿವೆ. ಆದರೂ ಮತ್ತಾಯ ಮತ್ತು ಲೂಕರ ಸುವಾರ್ತೆಗಳು ಇದನ್ನೇ ಸೈತಾನ ಯೇಸುವಿಗೆ ಒಡ್ಡಿದ ಮೊದಲ ಆಮಿಷ ಎನ್ನುತ್ತವೆ. ಕ್ಯಾಥೊಲಿಕ್ ಚರ್ಚುಗಳಲ್ಲಿ ತಪಸ್ಸುಕಾಲದ ಮೊದಲ ಭಾನುವಾರ ಪ್ರತಿವರ್ಷವೂ ಈ ಪ್ರಸಂಗದ ಪಾರಾಯಣ. ಪ್ರಲೋಭನೆ ಎಂದೊಡನೆ ನಮಗೆ ಹೊನ್ನು, ಹೆಣ್ಣು, ಮಣ್ಣು ನೆನಪಾಗುತ್ತವೆ. ಇಲ್ಲಿರುವುದು ಹಸಿದವನ ಒಂದು ರೊಟ್ಟಿ. ಇದರಲ್ಲಿ ಪಾಪ ಎಲ್ಲಿದೆ ಎಂಬುದು ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ಯೆರಿಕೋ ಊರಿನ ಬೆನ್ನಿಗೆ ನಿಂತಿರುವ ಬೋಳುಗುಡ್ಡವೇ ಆ ಜಾಗ ಎಂಬುದು ಪರಂಪರೆಯ ನಂಬಿಕೆ. ಅರಬ್ಬಿಯಲ್ಲಿ ಅದನ್ನು ಜೆಬೆಲ್ ಕುರುಂತುಲ್ ಎನ್ನುತ್ತಾರೆ. ನಲವತ್ತನ್ನು ಸೂಚಿಸುವ ಲ್ಯಾಟಿನ್ ಮಾತು ಜನರ ಬಾಯಲ್ಲಿ ಸವೆದು ಹಾಗಾಗಿದೆ. ಕಡಿದಾದ ಬಂಡೆಗೆ ಜೇನುಹುಟ್ಟಿನಂತೆ ಅಂಟಿಕೊಂಡ ಗ್ರೀಕ್ ಆರ್ಥಡಾಕ್ಸ್ ಮಠ ಅಲ್ಲಿದೆ. ಈಗ ಯಾತ್ರಿಕರನ್ನು ಕೇಬಲ್ ಕಾರು ಮೇಲಕ್ಕೆ ಒಯ್ಯುತ್ತದೆ. ಚಿತ್ರಗಳಲ್ಲಿ ನೋಡಿದರೆ ಆ ಸುಣ್ಣಕಲ್ಲಿನ ತುಂಡುಗಳದ್ದು ಬೆಂದ ರೊಟ್ಟಿಯದೇ ಬಣ್ಣ.

ಮೊದಲು ಬುಡದ ತೊಡಕು ನೋಡೋಣ. ಕೇಡು ದೇವರನ್ನು ಸೆಳೆಯಲಾರದು ಎಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಹೇಳುತ್ತದೆ. ಯೇಸು ಎಲ್ಲ ಬಗೆಯಲ್ಲೂ ನಮ್ಮಂತೆಯೇ ಪರೀಕ್ಷೆಗೊಳಗಾದ, ಪಾಪವೊಂದನ್ನು ಬಿಟ್ಟು, ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಯೇಸು ದೇವರೂ ಹೌದು ಎಂಬ ನಂಬಿಕೆಯನ್ನು ಇವೆರಡರ ಜೊತೆ ಇಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಆತ ದೇವರಾಗಿದ್ದರೆ ಪರೀಕ್ಷೆ ನಾಟಕ. ಪರೀಕ್ಷೆ ನಿಜವಾಗಿದ್ದರೆ ಆತ ದೇವರಲ್ಲ.

ನಮ್ಮ ಕಡೆ ಬೆಳೆದವರಿಗೆ ಇದಕ್ಕೊಂದು ಸಿದ್ಧ ಉತ್ತರವಿದೆ: ಎಲ್ಲ ಲೀಲೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ಮಾಯೆ ಅಲ್ಲಮನನ್ನು ಒಲಿಸಿಕೊಳ್ಳಲು ಪಡುವ ಪಾಡೆಲ್ಲ ನೀರ ಮೇಲಣ ಬರಹ. ಅವನು ಮದ್ದಳೆ ನುಡಿಸುತ್ತಾನೆ, ಅವಳು ಕುಣಿಯುತ್ತಾಳೆ, ಕೈಗೆ ಮಾತ್ರ ಸಿಗುವುದಿಲ್ಲ. ಸೋಲು ಎಂಬುದು ಅವನ ಹತ್ತಿರ ಸುಳಿಯುವ ಮಾತೇ ಇಲ್ಲ. ಅದಕ್ಕೂ ಮೊದಲಿನ ಹರಿಹರನ ರಗಳೆಯಲ್ಲಿರುವುದು ಬೇರೆ ಅಲ್ಲಮ. ಅವನು ಕಮಲತೆಯನ್ನು ಮೆಚ್ಚಿ ಕೂಡಿದವನು, ಅವಳು ಸತ್ತಾಗ ದಿಕ್ಕೆಟ್ಟು ಅಲೆದವನು. ಒಂದೇ ಹೆಸರಿಗೆ ಕನ್ನಡ ಎರಡು ಕಥೆ ಕಟ್ಟಿತು, ಎರಡನ್ನೂ ಇಟ್ಟುಕೊಂಡಿತು. ಕ್ರೈಸ್ತ ಸಭೆ ಇಷ್ಟು ಧಾರಾಳಿಯಾಗಿರಲಿಲ್ಲ. ಯೇಸುವಿನ ಮೈ, ಹಸಿವು, ಸಾವು ಎಲ್ಲ ಬರೀ ತೋರಿಕೆ ಎನ್ನುವವರು ಶುರುವಿನಲ್ಲೇ ಹುಟ್ಟಿಕೊಂಡಿದ್ದರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ಬೇಡಿ ಹಾಕಿಸಿಕೊಂಡು ರೋಮಿನ ಕಡೆಗೆ, ಸಾವಿನ ಕಡೆಗೆ ನಡೆಯುತ್ತ ದಾರಿಯಲ್ಲಿ ಪತ್ರಗಳನ್ನು ಬರೆದ. ಯೇಸು ಪಟ್ಟ ನೋವು ತೋರಿಕೆಯದಾದರೆ ನನ್ನ ಬೇಡಿಗೆ ಏನರ್ಥ ಎಂಬುದು ಆ ಪತ್ರಗಳಲ್ಲಿ ಅವನು ಎತ್ತುವ ಪ್ರಶ್ನೆ. ಬೇಡಿ ಹೊತ್ತವನ ಈ ಪ್ರಶ್ನೆಗೆ ಲೀಲೆಯ ಕಡೆಯವರಲ್ಲಿ ಉತ್ತರ ಇದ್ದಂತೆ ಕಾಣುವುದಿಲ್ಲ.

ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದ ಬಿಷಪ್ ಅಪೊಲಿನಾರಿಸ್ ಇನ್ನೊಂದು ಜಾಣ ದಾರಿ ಹುಡುಕಿದ. ಯೇಸುವಿನ ದೇಹ ಮನುಷ್ಯನದು, ಆದರೆ ಬುದ್ಧಿ ಇರಬೇಕಾದ ಜಾಗದಲ್ಲಿ ದೈವವೇ ಕೂತಿತ್ತು ಎಂದ. ಮನುಷ್ಯನ ಬುದ್ಧಿ ಚಂಚಲ, ಅದನ್ನು ಒಳಗೆ ಬಿಟ್ಟರೆ ಪಾಪವೂ ಹಿಂದೆಯೇ ಬಂದೀತು ಎಂಬ ಅಂಜಿಕೆ ಅವನದು. ಆಗ ಹೊಟ್ಟೆ ಚುರುಗುಟ್ಟಬಹುದು, ಆದರೆ ತಿನ್ನಲೋ ಬಿಡಲೋ ಎಂದು ತೂಗುವ ಮನಸ್ಸೇ ಅಲ್ಲಿರುವುದಿಲ್ಲ. ನಜಿಯಾನ್ಜಸ್ಸಿನ ಗ್ರೆಗರಿ ಇದಕ್ಕೆ ಕೊಟ್ಟ ಉತ್ತರ ವೈದ್ಯನದು: ಮದ್ದು ಮುಟ್ಟದ ಕಡೆ ಗಾಯ ಮಾಯುವುದಿಲ್ಲ; ಮನುಷ್ಯನಲ್ಲಿ ಹೆಚ್ಚು ಕೆಟ್ಟಿರುವುದು ಬುದ್ಧಿಯೇ, ಅದನ್ನೇ ಬಿಟ್ಟು ಉಳಿದದ್ದನ್ನು ತೊಟ್ಟುಕೊಂಡರೆ ಯಾರಿಗೇನು ಲಾಭ? 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅಪೊಲಿನಾರಿಸನ ವಾದವನ್ನು ತಳ್ಳಿಹಾಕಿತು. 451ರಲ್ಲಿ ಚಾಲ್ಸಿಡನ್ ಸಭೆ ಪೂರ್ಣ ದೇವರು, ಪೂರ್ಣ ಮನುಷ್ಯ, ಬೆರಕೆಯೂ ಇಲ್ಲ, ಬಿರುಕೂ ಇಲ್ಲ ಎಂದು ತೀರ್ಮಾನಿಸಿತು. ಅದು ಹೇಗೆ ಎಂದು ಮಾತ್ರ ಹೇಳಲಿಲ್ಲ. ಉತ್ತರ ಕೊಡುವ ಬದಲು ಬೇಲಿ ಹಾಕಿ ಎದ್ದುಹೋದರು ಎನ್ನಿಸುತ್ತದೆ. ಇಂಥ ವಿಷಯದಲ್ಲಿ ಬೇಲಿಯೇ ಮೇಲೇನೋ.

ಬೇಲಿಯೊಳಗೆ ಕೂತು ಪ್ರಶ್ನೆಯನ್ನು ಕೊನೆಯವರೆಗೂ ಎಳೆದವನು ಏಳನೆಯ ಶತಮಾನದ ಸನ್ಯಾಸಿ ಮ್ಯಾಕ್ಸಿಮಸ್. ಅವನ ಕಣ್ಣು ನೆಟ್ಟಿದ್ದು ಗೆತ್ಸೆಮನೆಯ ತೋಟದ ಮೇಲೆ. ಹಿಡಿದುಕೊಡುವವನು ಬರುವ ರಾತ್ರಿ ಯೇಸು ಅಲ್ಲಿ ಕವುಚಿಬಿದ್ದು, ಈ ಪಾತ್ರೆ ತನ್ನಿಂದ ದಾಟಿಹೋಗಲಿ ಎಂದು ಬೇಡುತ್ತಾನೆ. ಮರುಕ್ಷಣವೇ ತನ್ನ ಇಷ್ಟ ಬೇಡ, ತಂದೆಯ ಇಷ್ಟವಾಗಲಿ ಎನ್ನುತ್ತಾನೆ. ಹಾಗಾದರೆ ಅಲ್ಲಿ ಎರಡು ಇಚ್ಛೆಗಳಿರಬೇಕು. ಬದುಕಬೇಕೆನ್ನುವ ಮನುಷ್ಯ ಇಚ್ಛೆ ಸಾವಿನೆದುರು ಮುದುಡಿತು. ಆ ಮುದುಡುವಿಕೆ ಪಾಪವಲ್ಲ, ಅದು ಮೈ ಇರುವವರ ಸಹಜ ಗುಣ ಎಂದ ಮ್ಯಾಕ್ಸಿಮಸ್. ಚಕ್ರವರ್ತಿಗೆ ಈ ಚರ್ಚೆಯೇ ಬೇಡವಾಗಿತ್ತು. ಇಚ್ಛೆ ಒಂದೋ ಎರಡೋ ಎಂದು ಯಾರೂ ಬಾಯಿ ಬಿಡಕೂಡದೆಂದು 648ರಲ್ಲೇ ಆಜ್ಞೆಯಾಗಿತ್ತು. 662ರಲ್ಲಿ, ಎಂಬತ್ತು ದಾಟಿದ ಮುದುಕ ಮ್ಯಾಕ್ಸಿಮಸನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಇಂದಿನ ಜಾರ್ಜಿಯಾದ ಕಡೆಗೆ ಗಡೀಪಾರು ಮಾಡಿದರು. ಆಡಿದ ನಾಲಿಗೆ, ಬರೆದ ಕೈ. ಅದೇ ವರ್ಷ ಸತ್ತ. 680–81ರಲ್ಲಿ ಮತ್ತೆ ಕಾನ್‌ಸ್ಟಾಂಟಿನೋಪಲಿನಲ್ಲೇ ಕೂಡಿದ ಸಭೆ ಅವನು ಹೇಳಿದ್ದನ್ನೇ ಒಪ್ಪಿತು. ಯೇಸುವಿನ ಹಿಂಜರಿಕೆ ನಿಜವಾದದ್ದು ಎಂದು ಸಾಧಿಸಲು ಒಬ್ಬ ನಾಲಿಗೆ ಕೊಡಬೇಕಾಯಿತು ಎಂಬುದನ್ನು ನೆನೆದಾಗಲೆಲ್ಲ ಈ ವಾದ ನನಗೆ ಪಂಡಿತರ ಕೂದಲು ಸೀಳಾಟವಾಗಿ ಕಾಣುವುದಿಲ್ಲ.

ಹಾಗಾದರೆ ಆತ ಸೋಲಬಹುದಿತ್ತೆ? ಸೋಲುವ ಸಾಧ್ಯತೆ ಇಲ್ಲದಿದ್ದರೆ ಅದು ಪ್ರಲೋಭನೆಯೇ ಅಲ್ಲ ಎಂದವರಲ್ಲಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ದೇವಶಾಸ್ತ್ರಜ್ಞ ಚಾರ್ಲ್ಸ್ ಹಾಜ್ ಒಬ್ಬ. ಹೆಚ್ಚಿನವರು ಒಪ್ಪಲಿಲ್ಲ. ನನಗೆ ಇಲ್ಲಿ ಕನ್ನಡ ಬೈಬಲಿನ ಒಂದು ಪದ ನೆರವಿಗೆ ಬರುತ್ತದೆ. ಅದು ಈ ಪ್ರಸಂಗವನ್ನು ‘ಶೋಧನೆ’ ಎನ್ನುತ್ತದೆ. ಗ್ರೀಕ್ ಮೂಲದ ಪದಕ್ಕೂ ಸೆಳೆತ, ಪರೀಕ್ಷೆ ಎರಡೂ ಅರ್ಥಗಳಿವೆ. ಶೋಧಿಸು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಡುಗೆಮನೆಯಲ್ಲಿ. ಹೋಳಿಗೆಗೆ ಬೆಲ್ಲ ಕರಗಿಸಿದ ಮೇಲೆ ಅಮ್ಮ ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿ ನೀರುಬೆಲ್ಲವನ್ನು ಸುರಿಯುತ್ತಿದ್ದಳು. ಬಟ್ಟೆಯ ಮೇಲೆ ಕಬ್ಬಿನ ಸಿಪ್ಪೆಯ ಎಳೆ, ಮರಳು, ಒಮ್ಮೊಮ್ಮೆ ಸತ್ತ ಇರುವೆ ಉಳಿಯುತ್ತಿದ್ದವು. ಎಂದಾದರೂ ಬಟ್ಟೆ ಬರಿದಾಗಿಯೇ ಉಳಿದರೆ ಅಂದು ಶೋಧಿಸಲೇ ಇಲ್ಲ ಎನ್ನುತ್ತೇವೆಯೆ? ಬೆಲ್ಲ ಬಟ್ಟೆಯ ಸಣ್ಣ ಕಣ್ಣುಗಳನ್ನು ದಾಟಿಯೇ ಬಂದಿರುತ್ತದೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಒಪ್ಪಿದೆ. ಬೆಲ್ಲಕ್ಕೆ ನೋವಿಲ್ಲ.

ನೋವಿನ ಮಾತಿಗೆ ಇನ್ನೊಬ್ಬರು ಬೇಕು. ನನಗೆ ಗೊತ್ತಿರುವ ಹಿರಿಯರೊಬ್ಬರು ಮೂವತ್ತು ವರ್ಷ ಸರ್ಕಾರಿ ಗುಮಾಸ್ತರಾಗಿದ್ದರು. ಲಕೋಟೆಗಳು ಕೈ ಬದಲಾಯಿಸುವ ಕಚೇರಿ. ಇವರು ಮಾತ್ರ ಮುಟ್ಟಿದವರಲ್ಲ. ಮೂರ್ನಾಲ್ಕು ವರ್ಷದಲ್ಲಿ ಅದು ಎಷ್ಟು ಖಚಿತವಾಯಿತೆಂದರೆ, “ಆ ಟೇಬಲ್ಲಿಗೆ ಹೋಗ್ಬೇಡಿ, ಅವ್ರು ತಗೊಳ್ಳಲ್ಲ” ಎಂದು ಜವಾನನೇ ಬಂದವರಿಗೆ ಹೇಳಿ ಕಳಿಸುತ್ತಿದ್ದನಂತೆ. “ಹಾಗಾದ್ರೆ ನಿಮಗೆ ಆಸೆ ಅನ್ನೋದೇ ಆಗ್ತಿರಲಿಲ್ವಾ ಸಾರ್?” ಎಂದು ಕೇಳಿದೆ. ಅವರು ಪಂಚೆಯ ಅಂಚಿನಲ್ಲಿ ಕನ್ನಡಕ ಒರೆಸುತ್ತ ಹೇಳಿದರು: “ತಗೊಂಡೋನಿಗೆ ಒಂದು ದಿನದ ಸಂಕಟ ಕಣಯ್ಯ, ಆಮೇಲೆ ರೂಢಿ. ನನಗೆ ಮಗಳ ಫೀಸು ಕಟ್ಟೋ ಪ್ರತಿ ಜೂನ್‌ನಲ್ಲೂ ಅದೇ ಸಂಕಟ.”

ಹೊರಗಿನವರಿಗೆ ಫಲಿತಾಂಶ ಗೊತ್ತಿತ್ತು, ಒಳಗಿದ್ದವರಿಗೆ ಭಾರ ಗೊತ್ತಿತ್ತು. ಐದು ನಿಮಿಷಕ್ಕೇ ಸೋತವನಿಗೆ ಒಂದು ತಾಸಿನ ಒತ್ತಡ ಹೇಗಿರುತ್ತಿತ್ತೆಂದು ಎಂದೂ ತಿಳಿಯುವುದಿಲ್ಲ ಎಂಬುದು ಸಿ. ಎಸ್. ಲೂಯಿಸ್ ಮಂಡಿಸಿದ ವಾದ. ಆ ಲೆಕ್ಕದಲ್ಲಿ ಪ್ರಲೋಭನೆಯ ಪೂರ್ತಿ ತೂಕ ಬಲ್ಲವನು ಬೀಳದವನು ಮಾತ್ರ. ಗುಮಾಸ್ತರು ಬೀಳಬಹುದಿತ್ತು, ಯೇಸು ಬೀಳಲಾರದವನು ಎಂಬ ವ್ಯತ್ಯಾಸ ಉಳಿಯುತ್ತದೆ, ನಿಜ. ಆದರೆ ತಾಯಿ ಮಗುವಿನ ತಟ್ಟೆಗೆ ವಿಷ ಹಾಕಲಾರಳು ಎನ್ನುವಾಗ ಅವಳ ಕೈಯಲ್ಲಿ ಬಲವಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ಪಾಪ ಮಾಡದಿರಬಲ್ಲ ಸ್ವಾತಂತ್ರ್ಯಕ್ಕಿಂತ ಪಾಪ ಮಾಡಲಾರದ ಸ್ವಾತಂತ್ರ್ಯ ದೊಡ್ಡದು ಎಂದು ಅಗಸ್ಟೀನ್ ವಾದಿಸಿದ್ದು ಇದೇ ಜಾಡಿನಲ್ಲಿ.

ಈಗ ರೊಟ್ಟಿಗೆ ಮರಳಬಹುದು. ಸೈತಾನ ಮಾತು ತೆಗೆಯುವುದೇ ದೇವರ ಮಗನಾಗಿದ್ದರೆ ಎಂಬ ಪೀಠಿಕೆಯಿಂದ. ದೇವಾಲಯದ ತುದಿಯಿಂದ ಜಿಗಿ ಎನ್ನುವಾಗಲೂ ಅದೇ ಪೀಠಿಕೆ, ಜೊತೆಗೆ ಕೀರ್ತನೆಯೊಂದರ ಆಧಾರ ಬೇರೆ. ಸೈತಾನನಿಗೂ ಶಾಸ್ತ್ರ ಬಾಯಿಪಾಠ. ಅಂದರೆ ಅವನು ಕೆಟ್ಟವನಾಗು ಎನ್ನುತ್ತಿಲ್ಲ. ನೀನು ದೇವರು ತಾನೆ, ಮನುಷ್ಯರ ಕಟ್ಟಳೆ ನಿನಗೇಕೆ ಎನ್ನುತ್ತಿದ್ದಾನೆ. ಮನುಷ್ಯರು ಹಸಿದರೆ ಬೆಳೆಯಬೇಕು, ಬೀಸಬೇಕು, ಬೇಯಿಸಬೇಕು, ಇಲ್ಲವೇ ಇನ್ನೊಬ್ಬರನ್ನು ಕೇಳಬೇಕು. ಬಿದ್ದರೆ ಮೂಳೆ ಮುರಿಯುತ್ತದೆ. ಆ ಸಾಲಿನಿಂದ ಮೆಲ್ಲಗೆ ಹೊರಗೆ ಬಾ ಎಂಬುದೇ ಆಮಿಷ. ಆದಿಕಾಂಡದ ಹಾವು ಆ ಮೊದಲ ಗಂಡಹೆಂಡಿರಿಗೆ ಒಡ್ಡಿದ್ದೂ ಇದನ್ನೇ: ಹಣ್ಣು ತಿನ್ನಿ, ದೇವರಂತಾಗುತ್ತೀರಿ. ಮನುಷ್ಯರಾಗಿದ್ದವರು ದೇವರಾಗಲು ಜಿಗಿದು ಬಿದ್ದರು. ದೇವರಾಗಿದ್ದವನು ಮನುಷ್ಯತನ ಬಿಟ್ಟು ಜಿಗಿಯಲು ಒಪ್ಪಲಿಲ್ಲ. ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು. ಯಾವ ಯೆಹೂದಿ ಹುಡುಗನ ಬಾಯಲ್ಲಾದರೂ ಬರಬಹುದಾದ ಮಾತುಗಳು. ಅವುಗಳಲ್ಲಿ ದೇವರೆಂಬ ಗತ್ತಿಲ್ಲ.

ದೈವತ್ವ ಪ್ರಲೋಭನೆಯನ್ನು ಹಗುರ ಮಾಡಿತು ಎನ್ನುವವರು ಈ ತಿರುವನ್ನು ಗಮನಿಸಿಲ್ಲ. ನನಗಾಗಲಿ ನಿಮಗಾಗಲಿ ಕಲ್ಲನ್ನು ರೊಟ್ಟಿ ಮಾಡುವ ಆಸೆ ಕಾಡುವುದಿಲ್ಲ, ಏಕೆಂದರೆ ಅದು ನಮ್ಮಿಂದಾಗದು. ಆಗುವವನಿಗೇ ಕಾಟ. ಆ ಶಕ್ತಿಯನ್ನು ಆತ ಬಳಸಲೇ ಇಲ್ಲವೆಂದಲ್ಲ. ಐದು ಸಾವಿರ ಜನ ಹಸಿದಾಗ ಐದು ರೊಟ್ಟಿ ಸಾಕಾದವು. ಉಂಡ ಜನ ಹಿಡಿದು ರಾಜನನ್ನಾಗಿ ಮಾಡಲು ಹೊರಟಾಗ ಗುಡ್ಡ ಹತ್ತಿ ತಪ್ಪಿಸಿಕೊಂಡ ಎಂದು ಯೋಹಾನ ಬರೆಯುತ್ತಾನೆ. ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಕಾದಂಬರಿಯ ಮಹಾ ವಿಚಾರಣಾಧಿಕಾರಿ ದೂರುವುದು ಇದನ್ನೇ: ಜನಕ್ಕೆ ಬೇಕಾದದ್ದು ರೊಟ್ಟಿ, ಪವಾಡ, ಆಳುವ ಕೈ, ನೀನು ಮೂರನ್ನೂ ಬಿಟ್ಟುಕೊಟ್ಟೆ. ಆ ಮುದುಕನ ವಾದದಲ್ಲಿ ಹುರುಳಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ಅವನಿಗೆ ಮನುಷ್ಯರ ಮೇಲೆ ಕನಿಕರವಿದೆಯೇ ಹೊರತು ಅವರಲ್ಲೊಬ್ಬನಾಗುವ ಮನಸ್ಸಿಲ್ಲ.

ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳು ಇದನ್ನು ದಿನದ ಬಾಳಿಗೆ ಇಳಿಸಿಕೊಂಡರು. ನಾಲ್ಕನೆಯ ಶತಮಾನದ ಇವಾಗ್ರಿಯಸ್ ಎಂಟು ಬಗೆಯ ಕೆಟ್ಟ ಯೋಚನೆಗಳನ್ನು ಹೆಸರಿಸಿದ, ಒಂದೊಂದಕ್ಕೂ ಎದುರುತ್ತರ ಕೊಡಲು ಬೈಬಲಿನ ವಾಕ್ಯಗಳನ್ನು ಆಯ್ದಿಟ್ಟ. ಯೋಚನೆ ಬಾಗಿಲಿಗೆ ಬರುವುದು ನಮ್ಮ ಕೈಯಲ್ಲಿಲ್ಲ, ಅದನ್ನು ಒಳಗೆ ಕೂರಿಸುವುದು ಬಿಡುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ಪಾಠ. ಆಸೆ ಮೂಡಿದ್ದಕ್ಕೇ ನೊಂದು ತಮ್ಮನ್ನು ಪಾಪಿಗಳೆಂದು ಹಳಿದುಕೊಳ್ಳುವ ಭಕ್ತರಿಗೆ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಲೂಕನ ಪ್ರಕಾರ ಸೈತಾನ ಸೋತು ಓಡಲಿಲ್ಲ, ತಕ್ಕ ಸಮಯ ಬರಲಿ ಎಂದು ಹೋದ. ಆ ಪೀಠಿಕೆ ಮತ್ತೆ ಕೇಳಿಬರುವುದು ಶಿಲುಬೆಯ ಕೆಳಗೆ, ಈ ಸಲ ದಾರಿಹೋಕರ ಬಾಯಲ್ಲಿ: ದೇವರ ಮಗನಾದರೆ ಇಳಿದು ಬಾ. ಇಳಿಯಲಿಲ್ಲ. ಮೊಳೆ ಹೊಡೆಯುವ ಮುನ್ನ ನೋವು ಮಂದವಾಗಲೆಂದೋ ಏನೋ, ಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಕುಡಿಯಲಿಲ್ಲವೆಂದು ಮಾರ್ಕ ಬರೆದಿದ್ದಾನೆ. ಕೊನೆಗೆ, ಯೋಹಾನ ಹೇಳುವಂತೆ, ತನಗೆ ಬಾಯಾರಿದೆ ಎಂದ. ಕಲ್ಲಿನಿಂದ ರೊಟ್ಟಿ ಮಾಡಿಕೊಳ್ಳದವನು ನೀರಡಿಕೆಗೆ ಸುತ್ತ ನಿಂತವರನ್ನು ಕೇಳಿದ. ಯಾರೋ ಹುಳಿರಸದಲ್ಲಿ ಸ್ಪಂಜನ್ನು ಅದ್ದಿ, ಕೋಲಿಗೆ ಸಿಕ್ಕಿಸಿ, ಮೇಲಕ್ಕೆ ಹಿಡಿದರು. ಅದನ್ನು ತೆಗೆದುಕೊಂಡ.