ನಿವೇಶನವುಂಟು, ನೆರೆಹೊರೆಯಿಲ್ಲ

ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಅಂಚಿನ ಹೊಲಗಳು ನಿವೇಶನಗಳಾಗುತ್ತಿವೆ. ಕಲ್ಲು ನೆಟ್ಟು, ಗಟಾರ ತೋಡಿ, ಕಮಾನಿನ ಮೇಲೆ ‘ನಗರ’ವೆಂದು ಬರೆದರೆ ಬಡಾವಣೆ ಮುಗಿಯಿತಂತೆ! ಅಲ್ಲೊಂದು ನಿವಾಸಿಗಳ ಸಂಘ ಬೇಡವೆ ಎಂದರೆ, ‘ಅದೆಲ್ಲ ಬೆಂಗಳೂರಿನವರಿಗೆ, ನಮ್ಮದು ಸಣ್ಣ ಊರು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದು ಸೋಮಾರಿತನದ ಉತ್ತರ. ಬೆಂಗಳೂರಿಗೂ ಅದು ಪುಕ್ಕಟೆಯಾಗಿ ಬರಲಿಲ್ಲ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಸರಕಾರ ಬೀದಿ, ಚೌಕಗಳನ್ನು ಕೊಟ್ಟೀತು, ನೆರೆಹೊರೆಯನ್ನು ಕೊಡಲಾರದು. ರಾಮನವಮಿಯನ್ನು ಸಂಗೀತೋತ್ಸವವಾಗಿ ಬೆಳೆಸಿದ್ದು 1939ರಲ್ಲಿ ಚಾಮರಾಜಪೇಟೆಯಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿ. ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು 1945ರಲ್ಲಿ ಡಿ.ವಿ.ಜಿ. ಕಟ್ಟಿದರು. (ಅಲ್ಲಿ ಜಾತಿವಾರು ನಿವೇಶನ ಹಂಚಿದ್ದೂ ಉಂಟು; ಅದನ್ನು ನಾವು ಅನುಕರಿಸಬೇಕಿಲ್ಲ.)

ಕಾನೂನು ಕೈಹಿಡಿದೀತೆಂದು ಕಾಯುವುದೂ ವ್ಯರ್ಥ. 1992ರ 74ನೆಯ ತಿದ್ದುಪಡಿಯಲ್ಲಿ ವಾರ್ಡು ಸಮಿತಿ ಕಡ್ಡಾಯವಾದದ್ದು 3 ಲಕ್ಷ ಹಾಗೂ ಅದಕ್ಕೂ ಮೇಲ್ಪಟ್ಟ ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಂತೆ ನಮ್ಮ ಈ ಮೂರು ಊರುಗಳನ್ನು ಕೂಡಿಸಿದರೂ ಅಷ್ಟಾಗದು!

ಸಂಘಟನೆ ನಮ್ಮವರಿಗೆ ಬಾರದ ವಿದ್ಯೆಯೆ? 1981ರಲ್ಲಿ ತಂಬಾಕಿನ ಬೆಲೆಗಾಗಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತು, ಪೋಲೀಸರ ಗುಂಡಿಗೂ ಎದೆಯೊಡ್ಡಿದ ರೈತರು ಈ ಸೀಮೆಯವರೇ. ಸಕ್ಕರೆ ಕಾರಖಾನೆಯ ಚುನಾವಣೆಗೆ ಹಗಲಿರುಳು ತಿರುಗುವವರೂ ಇವರೇ. ಮನೆಯ ಮುಂದಿನ ಗಟಾರ ಕಟ್ಟಿದಾಗ ಮಾತ್ರ ಪ್ರತಿಯೊಬ್ಬನೂ ಒಂಟಿಯಾಗಿ ಪುರಸಭೆಯ ಮೆಟ್ಟಲು ಹತ್ತುತ್ತಾನೆ, ಒಂಟಿಯಾಗಿಯೇ ಇಳಿಯುತ್ತಾನೆ. ನಕ್ಷೆಯಲ್ಲಿ ಉದ್ಯಾನವೆಂದು ಹಸಿರು ಬಳಿದ ಜಾಗಕ್ಕೆ ಕಾವಲು ಯಾರು? ಗಣೇಶೋತ್ಸವಕ್ಕೆ ಪಟ್ಟಿ ಎತ್ತುವ ತರುಣರೇ ಈ ಸಲ ಅದೇ ವಹಿಯಲ್ಲಿ ವಾಚನಾಲಯಕ್ಕೂ ಒಂದು ಪುಟ ತೆರೆಯಲಿ.