ಚಿತ್ರಕಲೆಯಲ್ಲಿ ಅಂಕೆಯೂ ಆಕಸ್ಮಿಕವೂ

ಈಚೆಗೆ ನಮ್ಮ ಕಡೆಯ ಒಂದು ಚಿತ್ರಪ್ರದರ್ಶನಕ್ಕೆ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತಾನು ಟ್ಯಾಬ್ಲೆಟ್ಟಿನ ಮೇಲೆ ಬರೆದ ಮಳೆಗಾಲದ ಕೆರೆಯ ಚಿತ್ರವೊಂದನ್ನು ಕಳುಹಿಸಿದ್ದಳು. ಆಯ್ಕೆಯ ಮಂಡಲಿಯವರು ಅದನ್ನು ಹಿಂದಿರುಗಿಸಿದರು. ಹಿಂದಿರುಗಿಸಿದುದಕ್ಕೆ ನನ್ನ ಆಕ್ಷೇಪಣೆಯಿಲ್ಲ; ಚಿತ್ರವು ಚೆನ್ನಾಗಿಲ್ಲವೆಂದು ಹೇಳಿದ್ದರೆ ಅದು ಅಭಿರುಚಿಯ ಮಾತಾಗುತ್ತಿದ್ದಿತು. ಆದರೆ ಅವರು ಕೊಟ್ಟ ಕಾರಣವೇ ಬೇರೆ: ಯಂತ್ರದ ಮೇಲೆ ಬರೆದುದರಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ, ಆಕಸ್ಮಿಕವಿಲ್ಲದೆಡೆಯಲ್ಲಿ ಜೀವವಿಲ್ಲ, ಜೀವವಿಲ್ಲದುದು ಕಲೆಯಲ್ಲ! ಅದೇ ಪ್ರದರ್ಶನದ ಗೋಡೆಯ ಮೇಲೆ, ಹಸಿಬಣ್ಣದ ಮೇಲೆ ಉಪ್ಪು ಚೆಲ್ಲಿ ನಕ್ಷತ್ರಾಕಾರದ ಕಲೆಗಳನ್ನು ಎಬ್ಬಿಸಿದ ಜಲವರ್ಣಗಳು ನಾಲ್ಕೋ ಐದೋ ತೂಗುತ್ತಿದ್ದುವು. ಅವುಗಳಲ್ಲಿ ಜೀವವು ತುಂಬಿತುಳುಕುತ್ತಿದ್ದಿತೆಂದು ಮಂಡಲಿಯವರ ಅಭಿಪ್ರಾಯವಾಗಿರಬೇಕು.

ಇದು ಆ ಮಂಡಲಿಯೊಂದರ ಮಾತಾಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಈ ವಾದವು ವೇದವಾಕ್ಯದಂತೆ ನಡೆಯುತ್ತಿದೆ. ಮಗನು ಕಾಗದದ ಮೇಲೆ ಬಣ್ಣ ಚೆಲ್ಲಿದರೆ ಕಲಾವಿದನೆಂದು ಹಿಗ್ಗುವ ತಂದೆತಾಯಿಗಳು, ಮಗಳು ಗಾಜಿನ ಹಲಗೆಯ ಮುಂದೆ ರಾತ್ರಿಯೆಲ್ಲ ಕುಳಿತು ತಿದ್ದಿದ ಚಿತ್ರವನ್ನು "ಅದೆಲ್ಲ ಕಂಪ್ಯೂಟರು ಮಾಡಿದ್ದು" ಎಂದು ತಳ್ಳಿಹಾಕುತ್ತಾರೆ. ಇನ್ನೊಂದು ಪಕ್ಷದವರೋ, ಕುಂಚ ಬಣ್ಣಗಳ ಕಾಲವು ಮುಗಿಯಿತೆಂದೂ, ಕೈ ತಪ್ಪುವುದೆಂಬುದು ಹಳೆಯ ಉಪಕರಣಗಳ ದೋಷವೆಂದೂ, ಆಕಸ್ಮಿಕವು ಬೇಕಾದವರಿಗೆ ಅದಕ್ಕೂ ಒಂದು ಗುಂಡಿಯುಂಟೆಂದೂ ಹೇಳುತ್ತಾರೆ. ಈ ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತಿವೆಯೆಂಬುದು ನನ್ನ ವಾದ. ಅಂಕೆಯಾಗಲಿ ಆಕಸ್ಮಿಕವಾಗಲಿ ಉಪಕರಣದಲ್ಲಿ ಇರತಕ್ಕ ಗುಣವೆಂದು ಇವರು ಭಾವಿಸಿದ್ದಾರೆ. ಅವು ಇರುವುದು ಬರೆಯುವವನ ನಡತೆಯಲ್ಲಿ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಿಬಿಡೋಣ. ಜಲವರ್ಣದಲ್ಲಿ ಕೆಲಸಮಾಡುವವನು ಚಿತ್ರಕಾರನೊಬ್ಬನೇ ಅಲ್ಲ. ಕಾಗದದ ಅಂಟು, ಅದರ ತೇವ, ಬಣ್ಣದ ಕಣದ ತೂಕ, ಆ ದಿನದ ಗಾಳಿ, ಇವೆಲ್ಲವೂ ಅವನ ಪಾಲುಗಾರರು. ಅರ್ಧ ಒಣಗಿದ ಬಣ್ಣಕ್ಕೆ ನೀರು ಹೆಚ್ಚಾದ ಕುಂಚವು ತಗುಲಿದರೆ, ಆ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಹೂಕೋಸಿನ ಅಂಚಿನಂತಹ ಒಂದು ಕಲೆಯನ್ನು ಬಿಡುತ್ತದೆ. ಅದನ್ನು ತಿಕ್ಕಿ ಅಳಿಸಹೋದರೆ ಕಾಗದವೇ ಕೆಡುವುದು. ಇಟಲಿಯ ಹಸಿಗಾರೆಯ ಭಿತ್ತಿಚಿತ್ರದಲ್ಲಿ ನಿರ್ಬಂಧವು ಇನ್ನೂ ಬಿಗಿ: ಒಂದು ದಿನಕ್ಕೆ ಬರೆಯಬಹುದಾದಷ್ಟೇ ಗಾರೆಯನ್ನು ಬಳಿದು, ಅದು ಒಣಗುವುದರೊಳಗೆ ಬರೆದು ಮುಗಿಸಬೇಕು; ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಗಣಕದಲ್ಲಿ ಇಂತಹ ಕಟ್ಟುಪಾಡಿಲ್ಲ. ಫೋಟೋಶಾಪ್ 1990ರಲ್ಲಿ ಹೊರಬಂದಾಗ ಒಂದೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಬಹುದಾಗಿದ್ದಿತು. 1998ರ ಐದನೆಯ ಆವೃತ್ತಿಯಲ್ಲಿ ಹೆಜ್ಜೆಗಳ ಚರಿತ್ರೆಯೇ ಒಂದು ಪಟ್ಟಿಯಾಗಿ ಪಕ್ಕದಲ್ಲಿ ಬಂದು ಕುಳಿತಿತು. ಇಂದು ಬೆರಳಿನ ಒಂದು ತಟ್ಟಿಗೆ ಗೆರೆಯು ಮಾಯ; ಅದು ಇದ್ದಿತೆಂಬುದಕ್ಕೆ ಕುರುಹೂ ಉಳಿಯದು. ಹಿಂತೆಗೆದುಕೊಳ್ಳಬಹುದಾದ ಮಾತಿಗೆ ತೂಕವೆಲ್ಲಿಯದು? ಎಂಬುದು ಪೂರ್ವಪಕ್ಷದ ಪ್ರಶ್ನೆ. ಈ ಭಯವು ನಿರಾಧಾರವಾದುದಲ್ಲ. ಇದಕ್ಕೆ ಮುಂದೆ ಬರುತ್ತೇನೆ.

ಆದರೆ ಈ ಭಯದಿಂದ ಅವರು ಎಳೆದ ಸಿದ್ಧಾಂತವು ನಿಲ್ಲತಕ್ಕುದಲ್ಲ. ತಿದ್ದುವುದರಿಂದಲೇ ಕಲೆಯು ಸಾಯುವುದಾದರೆ ತೈಲವರ್ಣವು ಹುಟ್ಟಿದಂದೇ ಸಾಯಬೇಕಾಗಿದ್ದಿತು. ತೈಲವು ನಿಧಾನವಾಗಿ ಒಣಗುವುದರಿಂದ ಕೆರೆದು ತೆಗೆಯಬಹುದು, ಮೇಲೆ ಬಳಿದು ಮುಚ್ಚಬಹುದು. ಮಹಾಚಿತ್ರಕಾರರ ಪಟಗಳನ್ನು ಕ್ಷಕಿರಣದಿಂದ ನೋಡಿದಾಗ ಮೊದಲು ಒಂದೆಡೆ ಬರೆದು ಆಮೇಲೆ ಸರಿಸಿದ ಕೈಗಳೂ ಮುಖಗಳೂ ಒಳಗಿನಿಂದ ಕಾಣಿಸಿಕೊಂಡಿವೆ. ಇನ್ನು ನಮ್ಮ ಮೈಸೂರು ಸಂಪ್ರದಾಯದ ಚಿತ್ರವನ್ನೇ ನೋಡಿರಿ. ಮಕ್ಕಿ ಸಫೇದದ ಲೇಪದಿಂದ ಆಭರಣಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸಿ, ಕೂದಲೆಳೆಯ ಕುಂಚದಿಂದ ಕಣ್ಣಿನ ರೆಪ್ಪೆಯನ್ನು ತೀಡುವ ಆ ಕುಶಲಿಯು ಆಕಸ್ಮಿಕವನ್ನು ಹೊಸಲಿನಾಚೆಗೇ ನಿಲ್ಲಿಸುತ್ತಾನೆ. ಆಕಸ್ಮಿಕವಿಲ್ಲದೆಡೆಯಲ್ಲಿ ಜೀವವಿಲ್ಲವೆನ್ನುವ ಮಂಡಲಿಯವರು, ಹಳೆಯ ಮನೆಗಳ ದೇವರ ಕೋಣೆಯಲ್ಲಿರುವ ಆ ಪಟಗಳನ್ನು ಕೆಳಗಿಳಿಸಲು ಸಿದ್ಧರಾಗಿರುವರೆ?

ಆಕಸ್ಮಿಕವು ಮನುಷ್ಯನ ಕೈಯ ಗುರುತು, ಕ್ರಮವು ಯಂತ್ರದ ಗುರುತು ಎಂಬ ನಂಬಿಕೆಗೂ ಒಂದು ಪರೀಕ್ಷೆ ನಡೆದಿದೆ. 1960ರ ದಶಕದ ನಡುವಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಎ. ಮೈಕಲ್ ನೋಲ್ ಎಂಬವರು, ಮೊಂಡ್ರಿಯಾನನು 1917ರಲ್ಲಿ ಅಡ್ಡಗೆರೆ ಉದ್ದಗೆರೆಗಳಿಂದ ರಚಿಸಿದ ಚಿತ್ರವೊಂದರ ಮಾದರಿಯಲ್ಲಿ, ಯಾದೃಚ್ಛಿಕ ಸಂಖ್ಯೆಗಳ ಸಹಾಯದಿಂದ ಗಣಕವು ಗೆರೆಗಳನ್ನು ಹರಡುವಂತೆ ಮಾಡಿ, ಎರಡು ಚಿತ್ರಗಳನ್ನೂ 100 ಮಂದಿಯ ಮುಂದಿಟ್ಟರು. ಯಂತ್ರದ ಚಿತ್ರವಾವುದೆಂದು ಸರಿಯಾಗಿ ಗುರುತಿಸಿದವರು 28 ಮಂದಿ. ಯಂತ್ರದ ಚಿತ್ರವೇ ಮೇಲೆಂದವರು 59 ಮಂದಿ. ಮೊಂಡ್ರಿಯಾನನ ಕಟ್ಟುನಿಟ್ಟಾದ ಕ್ರಮವನ್ನು ಕಂಡು ಜನರು ಅದೇ ಯಂತ್ರವೆಂದೂ, ಯಂತ್ರದ ಚೆದರಿಕೆಯನ್ನು ಕಂಡು ಅದೇ ಮನುಷ್ಯನೆಂದೂ ಭ್ರಮಿಸಿದರು. ಚೆದರಿಕೆಯನ್ನು ಯಂತ್ರವು ಬೇಕಾದಷ್ಟು ಉತ್ಪಾದಿಸಬಲ್ಲುದು. ಅದರಿಂದ ಮೊಂಡ್ರಿಯಾನನು ಸಣ್ಣವನಾಗಲಿಲ್ಲ. ಚೆದರಿಕೆಯನ್ನೇ ಜೀವವೆಂದು ಹಿಡಿದ ನಮ್ಮ ಅಳತೆಗೋಲು ಸಣ್ಣದೆಂದು ತಿಳಿಯಿತು.

ಹಾಗಾದರೆ ಆಕಸ್ಮಿಕದಿಂದ ಕಲೆಗೆ ಪ್ರಯೋಜನವೇ ಇಲ್ಲವೆ? ಉಂಟು. ನಮ್ಮ ಶಾಸ್ತ್ರಕಾರರು ಘುಣಾಕ್ಷರನ್ಯಾಯವೆಂಬುದನ್ನು ಹೇಳುತ್ತಾರೆ. ಹುಳುವು ಮರವನ್ನು ಕೊರೆಯುತ್ತ ಹೋದಾಗ ಎಲ್ಲಿಯೋ ಒಂದೆಡೆ ಅಕ್ಷರದ ಆಕಾರವು ಮೂಡುತ್ತದೆ. ಹುಳುವಿಗೆ ಅಕ್ಷರಜ್ಞಾನವಿಲ್ಲ, ತಾನು ಕೊರೆದುದು ಅಕ್ಷರವೆಂದು ಅದು ಅಲ್ಲಿ ನಿಲ್ಲುವುದಿಲ್ಲ, ಮುಂದಕ್ಕೆ ಕೊರೆದು ಅದನ್ನು ಕೆಡಿಸಿಯೂ ಬಿಡಬಹುದು. ಅಕ್ಷರವನ್ನು ಬಲ್ಲವನು ಕಂಡು "ಇದು ಅಕ್ಷರ" ಎಂದು ತಡೆದು, ಅದರ ಮುಂದೆ ಇನ್ನೊಂದು ಅಕ್ಷರವನ್ನು ಬರೆದಾಗ ಅಲ್ಲಿ ಪದವು ಹುಟ್ಟುತ್ತದೆ.

ಗ್ರೀಕರ ಪ್ರೋಟೋಜಿನೀಸನ ಕಥೆಯನ್ನು ರೋಮಿನ ಪ್ಲಿನಿಯು ಬರೆದಿಟ್ಟಿದ್ದಾನೆ. ನಾಯಿಯ ಬಾಯಿಯ ನೊರೆಯನ್ನು ಎಷ್ಟು ಬಾರಿ ಬರೆದರೂ ತೃಪ್ತಿಯಾಗದೆ, ಸಿಟ್ಟಿನಿಂದ ಬಣ್ಣ ಒರಸುವ ಸ್ಪಂಜನ್ನು ಆತನು ಚಿತ್ರದ ಮೇಲೆ ಎಸೆದನಂತೆ. ನೊರೆಯು ತಾನಾಗಿಯೇ ಮೂಡಿತಂತೆ. ಈ ಕಥೆಯನ್ನು ಎಲ್ಲರೂ ಸ್ಪಂಜಿನ ಮಹಿಮೆಯೆಂದು ಹೇಳುತ್ತಾರೆ. ಆದರೆ ನಾಯಿಯನ್ನು ಬರೆದವರಾರು? ಸ್ಪಂಜು ಬಿದ್ದ ಬಳಿಕ ಕೈಯನ್ನು ತಡೆದವರಾರು? ಲಿಯೊನಾರ್ಡೋನು ಗೋಡೆಯ ಕಲೆಗಳಲ್ಲಿ ಬೆಟ್ಟಗಳನ್ನೂ ಯುದ್ಧಗಳನ್ನೂ ಕಾಣಬಹುದೆಂದು ಶಿಷ್ಯರಿಗೆ ಬೋಧಿಸಿದನು. ಅವನೇ, ಅಂತಹ ಕಲೆಗಳು ಕಲ್ಪನೆಯನ್ನು ಕೊಟ್ಟಾವೇ ಹೊರತು ಒಂದು ವಿವರವನ್ನಾದರೂ ಮುಗಿಸುವುದನ್ನು ಕಲಿಸಲಾರವೆಂದೂ ಎಚ್ಚರಿಸಿದನು. ಜಪಾನಿನ ಸೆಶ್ಶೂ 1495ರಲ್ಲಿ ಬರೆದ ಚೆಲ್ಲುಮಸಿಯ ದೃಶ್ಯದಲ್ಲಿ ಮಸಿಯ ಹಸಿಕಲೆಗಳೇ ಹೆಚ್ಚು. ಆದರೆ ಕೆಳಗಡೆ ಒಂದು ಮಾಡು, ಒಂದು ದೋಣಿ ಎಂಬಂತೆ ಎಳೆದ ಕೆಲವೇ ಖಚಿತವಾದ ಗೆರೆಗಳಿಂದ ಆ ಕಲೆಗಳೆಲ್ಲ ಬೆಟ್ಟವೂ ಮಂಜೂ ಆಗಿ ನಿಲ್ಲುತ್ತವೆ. ಆ ಗೆರೆಗಳನ್ನು ಮರೆಮಾಡಿದರೆ ಉಳಿಯುವುದು ಚೆಲ್ಲಿದ ಮಸಿ. ನಮ್ಮ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಬರೆದ ಹಾಳೆಯನ್ನೇ ಮತ್ತೆ ಮತ್ತೆ ನೀರಿನಲ್ಲಿ ತೋಯಿಸುವ ವಿಧಾನವು ಆ ಪಂಥದ್ದು. ನೀರಿಗೆ ಒಪ್ಪಿಸಿದುದನ್ನು ನೀರಿನಿಂದ ಮರಳಿ ಪಡೆಯುವ ಅಭ್ಯಾಸವದು. ಅವರ ಉದಕಮಂಡಲದ ದೃಶ್ಯಗಳಲ್ಲಿ ಮಂಜು ಹಬ್ಬಿದ್ದರೂ ಹದವು ತಪ್ಪಿಲ್ಲ.

ಇಲ್ಲಿಂದ ನನ್ನ ಸೂತ್ರವು ಹೊರಡುತ್ತದೆ. ಆಕಸ್ಮಿಕವು ಸಂಭವಿಸಿತೆ ಎಂದು ಕೇಳಬಾರದು. ಸಂಭವಿಸಿದ ಆಕಸ್ಮಿಕವು ಚಿತ್ರಕಾರನ ಮುಂದಿನ ಹೆಜ್ಜೆಯನ್ನು ಬದಲಿಸಿತೆ ಎಂದು ಕೇಳಬೇಕು. ಬದಲಿಸಿದ್ದರೆ ಅದು ಚಿತ್ರಕ್ಕೆ ಸೇರಿತು. ಇಲ್ಲವಾದರೆ ಅದು ಕಲೆ ಎಂಬ ಪದದ ಎರಡನೆಯ ಅರ್ಥದಲ್ಲಿ ಮಾತ್ರ ಕಲೆ. ಉಪ್ಪು ಚೆಲ್ಲಿದವರು ನಕ್ಷತ್ರಗಳು ಮೂಡುವುವೆಂದು ಮೊದಲೇ ಬಲ್ಲರು. ಮೂಡಿದ ಬಳಿಕ ಅವರು ಬೇರೇನನ್ನೂ ಮಾಡಬೇಕಾಗಿ ಬರಲಿಲ್ಲ. ಅದು ಆಕಸ್ಮಿಕದ ವೇಷ ಹಾಕಿದ ಅಚ್ಚು.

ಪೂರ್ವಪಕ್ಷದವರಿಗೆ ನಾನು ಒಪ್ಪಿಕೊಡಬೇಕಾದುದೊಂದುಂಟು. ರವೀಂದ್ರನಾಥರು ಚಿತ್ರಕಾರರಾದುದು ಹೇಗೆಂಬುದನ್ನು ನೆನೆಯಿರಿ. ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳು ಅವರ ಕಣ್ಣಿಗೆ ಮುಕ್ತಿಗಾಗಿ ಮೊರೆಯಿಡುವ ಪಾಪಿಗಳಂತೆ ಕಂಡುವು. ಅವನ್ನು ಗೆರೆಗಳಿಂದ ಒಂದಕ್ಕೊಂದು ಹೆಣೆಯುತ್ತ ಹೋದರು. ಹಕ್ಕಿಗಳೂ ವಿಚಿತ್ರಮೃಗಗಳೂ ಎದ್ದುವು. 1924ರ 'ಪೂರವಿ'ಯ ಹಸ್ತಪ್ರತಿಯು ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ನಡೆಯಿತು. ಅಂದು ಅವರ ಮುಂದೆ ಕುರುಹಿಲ್ಲದೆ ಅಳಿಸುವ ಗುಂಡಿಯೊಂದಿದ್ದರೆ ಕವನವು ಉಳಿಯುತ್ತಿದ್ದಿತು, ಚಿತ್ರಕಾರನು ಹುಟ್ಟುತ್ತಿರಲಿಲ್ಲ. ಗಣಕದಿಂದ ನಾವು ಕಳೆದುಕೊಳ್ಳುತ್ತಿರುವುದು ಆಕಸ್ಮಿಕವನ್ನಲ್ಲ. ಗಾಜಿನ ಮೇಲೆಯೂ ಕೈ ಜಾರುತ್ತದೆ, ಬೇರೆ ಪದರದ ಮೇಲೆ ಗೆರೆ ಬೀಳುತ್ತದೆ, ಎಣಿಸದ ಬಣ್ಣ ಬರುತ್ತದೆ. ಕಳೆದುಕೊಳ್ಳುತ್ತಿರುವುದು ಆಕಸ್ಮಿಕದೊಡನೆ ಬಾಳುವ ಅಗತ್ಯವನ್ನು. ತಪ್ಪನ್ನು ನೋಡುವ ಮೊದಲೇ ಬೆರಳು ಅದನ್ನು ಅಳಿಸಿರುತ್ತದೆ. ಈ ಅಭ್ಯಾಸವು ಕೆಟ್ಟದು. ಆದರೆ ಅಭ್ಯಾಸವನ್ನು ಬಿಡಬಹುದು. ಜಾತಿಯಿಂದ ಹೊರಗೆ ಹಾಕುವುದು ಅದಕ್ಕೆ ಪರಿಹಾರವಲ್ಲ.

ಈಗ ಯಂತ್ರಪಕ್ಷದವರ ಕಡೆಗೆ ತಿರುಗೋಣ. ಅವರ ಕುಂಚಗಳಲ್ಲಿ ನಡುಕಕ್ಕೊಂದು ಅಳತೆ, ಚೆದರಿಕೆಗೊಂದು ಅಳತೆ, ಬಣ್ಣ ಹರಡುವುದಕ್ಕೊಂದು ಅಳತೆ ಇರುತ್ತವೆ. ಆ ಚೆದರಿಕೆಯಾದರೂ ಸಾಮಾನ್ಯವಾಗಿ ಲೆಕ್ಕದಿಂದ ಹುಟ್ಟಿದ ಹುಸಿಚೆದರಿಕೆ: ಬೀಜಸಂಖ್ಯೆಯೊಂದನ್ನು ಕೊಟ್ಟರೆ ಸಂಖ್ಯೆಗಳ ಸಾಲು ಹೊರಡುತ್ತದೆ, ಅದೇ ಬೀಜಕ್ಕೆ ಅದೇ ಸಾಲು. ಇದನ್ನು ಉಪಯೋಗಿಸಬಾರದೆಂದು ನಾನು ಹೇಳುವುದಿಲ್ಲ. ಉಪ್ಪಿನ ಚಿತ್ರಗಳಿಗೆ ಹೇಳಿದುದೇ ಇದಕ್ಕೂ ಉತ್ತರ.

2022ರಿಂದ ಮನೆಮಾತಾಗಿರುವ ಕೃತಕ ಬುದ್ಧಿಮತ್ತೆಯ ಚಿತ್ರಗಳಲ್ಲಿ ಈ ಪ್ರಶ್ನೆಯು ತುದಿಯನ್ನು ಮುಟ್ಟಿದೆ. ಅವುಗಳಲ್ಲಿ ಹೆಚ್ಚಿನವು ಅರ್ಥವಿಲ್ಲದ ಚುಕ್ಕೆಗಳ ಗೊಂದಲದಿಂದಲೇ ಆರಂಭವಾಗಿ, ಆ ಗೊಂದಲವನ್ನು ಹಂತಹಂತವಾಗಿ ಕಳೆಯುತ್ತ, ಕೊಟ್ಟ ಮಾತಿಗೆ ಹೊಂದುವ ರೂಪವನ್ನು ಪಡೆಯುತ್ತವೆ. ಅದೇ ವರ್ಷ ಅಮೆರಿಕದ ಕೊಲರಾಡೋ ಜಾತ್ರೆಯಲ್ಲಿ ಜೇಸನ್ ಅಲೆನ್ ಎಂಬವರು ಇಂತಹ ಚಿತ್ರಕ್ಕೆ ಬಹುಮಾನವನ್ನು ಪಡೆದರು. ಕನಿಷ್ಠ 624 ಬಾರಿ ಮಾತುಗಳನ್ನು ಬದಲಿಸಿ ಯಂತ್ರವನ್ನು ಕೇಳಿದೆನೆಂದು ಅವರ ವಾದ. ಅಲ್ಲಿಯ ಕೃತಿಸ್ವಾಮ್ಯದ ಕಚೇರಿಯು 2023ರಲ್ಲಿ, ಯಂತ್ರವು ಮಾಡಿದ ಭಾಗವನ್ನು ಬಿಟ್ಟುಕೊಡದ ಹೊರತು ಕೃತಿಸ್ವಾಮ್ಯವನ್ನು ದಾಖಲಿಸಲಾರೆನೆಂದಿತು. 2025ರ ಜನವರಿಯ ವರದಿಯಲ್ಲಿ, ಬರಿಯ ಮಾತಿನ ಆದೇಶದಿಂದ ಸಾಕಷ್ಟು ಅಂಕೆಯು ಬಾರದೆಂದೂ ಹೇಳಿತು.

"ಪ್ರೋಟೋಜಿನೀಸನೂ ಆರಿಸಿಕೊಂಡನಲ್ಲವೆ? ಅಲೆನ್ನನೂ ಆರಿಸಿಕೊಂಡನು" ಎಂದು ಕೇಳುವವರುಂಟು. ಪ್ರಶ್ನೆಯು ಚತುರವಾದುದು, ಆದರೆ ಸಾಮ್ಯವು ಕುಂಟುತ್ತದೆ. ಸ್ಪಂಜು ಬಿದ್ದುದು ಪ್ರೋಟೋಜಿನೀಸನ ಸ್ವಂತ ಚಿತ್ರದ ಮೇಲೆ. ಅದರಿಂದ ಕೆಡಬಹುದಾಗಿದ್ದುದು ಅವನ ಸ್ವಂತ ದುಡಿಮೆ. ಆರುನೂರು ಸೀರೆಗಳನ್ನು ಹರಡಿಸಿ ಒಂದನ್ನು ಆರಿಸಿದವಳಿಗೆ ಅಭಿರುಚಿಯುಂಟೆಂದು ಒಪ್ಪೋಣ, ನೇಕಾರಳೆಂದು ಕರೆಯಬಹುದೆ? ಯಂತ್ರವು ಕೊಟ್ಟುದನ್ನು ಕೆಳಗಿಟ್ಟು, ಅದರ ಮೇಲೆ ತನ್ನ ಕೈಯಿಂದ ಬರೆದು, ಕೆಡಿಸಿ, ಮತ್ತೆ ಕಟ್ಟಿದರೆ ಆ ಕಟ್ಟಿದಷ್ಟು ಅವನದು. ಆಗ ಅವನೂ ನಮ್ಮ ಸೂತ್ರದ ಮುಂದೆ ನಿಲ್ಲಲಿ. ಅದಿಲ್ಲದೆ ಗುಂಡಿಯನ್ನು ಒತ್ತುತ್ತ ಕುಳಿತವನು ಹುಳುವು ಕೊರೆಯುವುದನ್ನು ನೋಡುತ್ತ ಕುಳಿತವನೇ ಸರಿ.

ಆದುದರಿಂದ ನಮ್ಮ ಪ್ರದರ್ಶನಗಳ ವ್ಯವಸ್ಥಾಪಕರಲ್ಲಿ ಎರಡು ಬಿನ್ನಹಗಳು. ಮೊದಲನೆಯದು: ಉಪಕರಣವನ್ನು ನೋಡಿ ಬಾಗಿಲನ್ನು ಹಾಕಬೇಡಿರಿ, ಚಿತ್ರವು ಯಾವ ಸಾಧನದಿಂದ, ಎಷ್ಟು ಭಾಗ ತನ್ನ ಕೈಯಿಂದ ಆಯಿತೆಂಬುದನ್ನು ಪ್ರತಿಯೊಬ್ಬರಿಂದಲೂ ಬರೆಯಿಸಿಕೊಳ್ಳಿರಿ. ಎರಡನೆಯದು: ಆ ಬರಹವನ್ನು ಎಲ್ಲರಿಗೂ ಕೇಳಿರಿ, ಉಪ್ಪು ಚೆಲ್ಲುವವರಿಗೂ. ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಒಂದು ಮಾತು: ಮಕ್ಕಳ ಕೈಯಿಂದ ಗಾಜಿನ ಹಲಗೆಯನ್ನು ಕಸಿಯಬೇಡಿರಿ, ವಾರದಲ್ಲಿ ಒಂದು ದಿನ ಅಳಿಸುವ ಗುಂಡಿಯನ್ನು ಮುಟ್ಟದೆ ಬರೆಯುವ ವ್ರತವನ್ನು ಹಿಡಿಸಿರಿ, ಇನ್ನೊಂದು ದಿನ ನೀರನ್ನೂ ಕುಂಚವನ್ನೂ ಕೊಡಿರಿ. ಎರಡರಲ್ಲಿಯೂ ಅವರು ಕಲಿಯಬೇಕಾದುದು ಒಂದೇ.

ಕೊನೆಗೆ ಆ ವಿದ್ಯಾರ್ಥಿನಿಯ ಚಿತ್ರದ ವಿಷಯ. ಅವಳ ಟ್ಯಾಬ್ಲೆಟ್ಟು ಚಿತ್ರವು ಬೆಳೆದ ಬಗೆಯನ್ನು ಮೊದಲಿನಿಂದ ಕೊನೆಯವರೆಗೆ ದಾಖಲಿಸಿಟ್ಟಿದ್ದಿತು. ಅದನ್ನು ನನಗೆ ತೋರಿಸಿದಳು. ಅರ್ಧಕ್ಕೆ ಬಂದಾಗ ಆಚೆಯ ದಡಕ್ಕೆಂದು ಎಳೆದ ಬೂದುಬಣ್ಣದ ಗೆರೆಯೊಂದು ಜಾರಿ ನೀರಿನ ನಡುವೆ ಬಿದ್ದಿತು. ಅಳಿಸುವ ಗುಂಡಿಯು ಪಕ್ಕದಲ್ಲಿಯೇ ಇದ್ದಿತು. ಅವಳು ಅಳಿಸಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಆ ಗೆರೆಯು ಕೆರೆಯ ಮೇಲೆ ಓಡಿಬರುವ ಮಳೆಯ ಅಂಚಾಯಿತು. ಅದಕ್ಕೆ ಒಪ್ಪುವಂತೆ ದಡವನ್ನು ಹಿಂದಕ್ಕೆ ಸರಿಸಿದಳು, ಆಕಾಶದ ಬಣ್ಣವನ್ನು ಇಳಿಸಿದಳು, ಮೊದಲು ಬರೆದಿದ್ದ ಎರಡು ಮರಗಳನ್ನು ತೆಗೆದುಹಾಕಿದಳು. ಆಕಸ್ಮಿಕವಿಲ್ಲವೆಂದು ಮಂಡಲಿಯವರು ಹಿಂದಿರುಗಿಸಿದ ಚಿತ್ರವಿದು. ಮುಂದಿನ ವರ್ಷವೂ ಅವಳು ಕಳುಹಿಸುವಳಂತೆ. ಆಗಲಾದರೂ ಅವರು ಚಿತ್ರವನ್ನು ನೋಡಲಿ.