ಎಲ್ಲದಕ್ಕೂ ‘ಮಾಡಿದೆ’ ಸಾಕಾ?

ಕ್ಯಾಂಪಸ್ಸಲ್ಲಿ ಈಗ ಸ್ಪ್ಯಾನಿಷ್ ಕಲಿಯುವವರಿಗೆ ಕೊರತೆ ಇಲ್ಲ. ಉದ್ಯಾವರದಿಂದ ಬಸ್ಸಲ್ಲಿ ಬರುವ ನಮ್ಮಲ್ಲೇ ನಾಲ್ಕೈದು ಜನ ಇದ್ದೇವೆ. ಅದರ ಭೂತಕಾಲ ಎಲ್ಲರಿಗೂ ಇಷ್ಟ, ಯಾಕೆಂದರೆ ಅದು ಕೋಡ್ ಇದ್ದ ಹಾಗೆ. ‘ಆಬ್ಲಾರ್’ ಅಂದರೆ ಮಾತಾಡುವುದು. ಕೊನೆಯ ‘ಆರ್’ ತೆಗೆದು ಬಾಲ ಅಂಟಿಸಿದರೆ ಆಯ್ತು: ಆಬ್ಲೇ (ನಾನು ಮಾತಾಡಿದೆ), ಆಬ್ಲಾಸ್ತೆ (ನೀನು ಮಾತಾಡಿದೆ), ಆಬ್ಲಾರೋನ್ (ಅವರು ಮಾತಾಡಿದರು). ‘ಎರ್’, ‘ಇರ್’ ಎಂದು ಮುಗಿಯುವ ಪದಗಳಿಗೆ ಇನ್ನೊಂದು ಸೆಟ್: ‘ಕೊಮೇರ್’ ಹೋಗಿ ‘ಕೊಮೀ’, ಅಂದರೆ ತಿಂದೆ.

ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಹೊಸತು. ಅಲ್ಲಿ ಯಾರು ತಿಂದರೂ ‘ಏಟ್’. ನಮಗೆ ಹೊಸತಲ್ಲ. ತಿಂದೆ, ತಿಂದಳು, ತಿಂದರು ಅಂದರೆ ಸಾಕು, ಯಾರು ಅಂತ ಬೇರೆ ಹೇಳಬೇಕಿಲ್ಲ. ತುಳುವಿನಲ್ಲಂತೂ ‘ಬತ್ತೆ’ ಬೇರೆ, ‘ಬೈದೆ’ ಬೇರೆ. ಬಂದೆ, ಬಂದಿದ್ದೇನೆ ಎಂಬ ಇದೇ ವ್ಯತ್ಯಾಸ ಸ್ಪ್ಯಾನಿಷ್‌ನಲ್ಲೂ ಇದೆ.

ಆದರೆ ನಾವು ದಿನಾ ಮಾತಾಡುವ ಕನ್ನಡ ಕೇಳಿ ಮಾರಾಯ್ರೆ: ವೇಟ್ ಮಾಡಿದೆ, ಕುಕ್ ಮಾಡಿದೆ, ಡ್ರಾಪ್ ಮಾಡಿದೆ. ಇಂಗ್ಲಿಷ್ ಪದ ಬಂದದ್ದು ತೊಂದರೆ ಅಲ್ಲ. ಸ್ಪ್ಯಾನಿಷ್ ಕೂಡ ‘ಚಾಟ್’ ತಗೊಂಡು ‘ಚಾಟೆಆರ್’ ಮಾಡಿದೆ, ಆಮೇಲೆ ಅದಕ್ಕೂ ತನ್ನದೇ ಬಾಲ ಅಂಟಿಸುತ್ತದೆ. ನಾವು ಮಾತ್ರ ‘ಮಾಡು’ ಒಂದನ್ನೇ ದುಡಿಸುತ್ತೇವೆ. ‘ಕಾದೆ’, ‘ಬೇಯಿಸಿದೆ’, ‘ಇಳಿಸಿದೆ’ ಎಲ್ಲ ರಜೆಯಲ್ಲಿವೆ.

‘ಕನ್ನಡದಲ್ಲಿ ರೂಲ್ಸ್ ಎಲ್ಲಿದೆ, ಎಲ್ಲ ಬೈಹಾರ್ಟ್’ ಎನ್ನುವವರಿದ್ದಾರೆ. ಒಂದು ಸ್ಯಾಂಪಲ್ ನೋಡಿ. ನೋಡು, ಓಡು, ಹಾಡು, ಬೇಡು: ನೋಡಿದ, ಓಡಿದ, ಹಾಡಿದ, ಬೇಡಿದ. ಕೊಡು, ಬಿಡು, ಇಡು, ಸುಡು: ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ. ಮೊದಲ ಸ್ವರ ದೀರ್ಘವಾದರೆ ‘ಡಿದ’, ಹ್ರಸ್ವವಾದರೆ ‘ಟ್ಟ’. ರೂಲ್ ಇದೆ, ನಮಗೆ ಟೇಬಲ್ ಹಾಕಿ ತೋರಿಸಿದವರಿಲ್ಲ ಅಷ್ಟೆ. ಸುಮಾರು 1260ರಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಪದಕ್ಕೆಂದೇ ‘ಆಖ್ಯಾತ’ ಪ್ರಕರಣ ಬರೆದ. 1903ರಲ್ಲಿ ಕಿಟೆಲ್ ಅವರ ಕನ್ನಡ ವ್ಯಾಕರಣ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು.

ಹೊರರಾಜ್ಯದ ಗೆಳೆಯರಿಗೆ ನಾವು ಕಲಿಸುವುದು ‘ಊಟ ಆಯ್ತಾ’, ‘ಕನ್ನಡ ಗೊತ್ತಿಲ್ಲ’, ಇಷ್ಟೇ. ನಾಲ್ಕು ವರ್ಷ ಇಲ್ಲಿದ್ದರೂ ನಿನ್ನೆ ಏನಾಯ್ತು ಅಂತ ಅವರು ಕನ್ನಡದಲ್ಲಿ ಹೇಳಲಾರರು. ಕನ್ನಡ ಸಂಘ ಈ ಸೆಮಿಸ್ಟರಿನಲ್ಲಿ ಒಂದೇ ಪುಟದ ಭೂತಕಾಲದ ಟೇಬಲ್ ಮಾಡಿ ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಹಾಕಲಿ. ಅದು ಅವರಿಗೆಷ್ಟು ಬೇಕೋ, ಇಂಗ್ಲಿಷ್ ಮೀಡಿಯಮ್ಮಿನ ನಮಗೂ ಅಷ್ಟೇ ಬೇಕು.